ಗೇಜಿನಲ್ಲಿ ತೂಕ ಒಂದೇ, ಬೆರಳಿಗೆ ಬೇರೆ ಬೇರೆ: ಸ್ಟ್ರೈಕರ್ ಪಿಸ್ತೂಲುಗಳ ಟ್ರಿಗರ್ ಯಾಕೆ ಹೀಗೆ?

ಮಂಡ್ಯ_ಕಬ್ಬು
ಎಲ್ಲರಿಗೂ ನಮಸ್ಕಾರ. ಗ್ಲಾಕ್ 17, ಸಿಗ್ ಪಿ320, ವಾಲ್ಥರ್ ಪಿಪಿಕ್ಯೂ. ಮೂರರಲ್ಲೂ ಹ್ಯಾಮರ್ (ಹಿಂದಿನಿಂದ ಹೊಡೆಯೋ ಸುತ್ತಿಗೆ) ಇಲ್ಲ, ಸ್ಪ್ರಿಂಗ್ ಬಲದಿಂದ ನೇರ ಮುಂದೆ ಹೋಗಿ ಗುಂಡಿಗೆ ಚುಚ್ಚೋ ಸ್ಟ್ರೈಕರ್ರೇ. ಟ್ರಿಗರ್ ಎಳೆತದ ತೂಕ ಅಳೆಯೋ ಗೇಜ್ ಹಾಕಿದ್ರೆ ಮೂರೂ ಎರಡೂವರೆಯಿಂದ ಮೂರು ಕಿಲೋ ಆಸುಪಾಸಲ್ಲೇ ನಿಲ್ತವೆ. ಆದ್ರೆ ಗ್ಲಾಕ್ ಎಳೆದಷ್ಟೂ ಭಾರ ಆಗ್ತಾ ಹೋಗಿ ಯಾವಾಗ ಬಿಡ್ತು ಅಂತ ಸರಿಯಾಗಿ ಗೊತ್ತೇ ಆಗಲ್ಲ. ಪಿಪಿಕ್ಯೂ ಹಗುರಾಗಿ ಬಂದು ಒಂದು ಕಡೆ ನಿಂತು ಟಕ್ ಅಂತ ಬಿಡುತ್ತೆ. ಸ್ಪ್ರಿಂಗ್ ಬೇರೆ ಅನ್ನೋದು ಒಂದೇ ಕಾರಣಾನಾ? ಹಾಗಿದ್ರೆ ಸ್ಪ್ರಿಂಗ್ ಬದಲಾಯಿಸಿದ್ರೆ ಗ್ಲಾಕ್ ಕೂಡ ಪಿಪಿಕ್ಯೂ ಥರ ಆಗ್ಬೇಕಲ್ವಾ?

ನಿರ್ವಾಹಕ
ಚರ್ಚೆ ಶುರು ಆಗೋ ಮೊದಲು ಒಂದು ಮಾತು. ಈ ಪಿಸ್ತೂಲುಗಳ 9 ಎಂಎಂ ನಮ್ಮಲ್ಲಿ ನಿಷೇಧಿತ ಬೋರ್ (ನಳಿಕೆಯ ಅಳತೆ), ಸಾಮಾನ್ಯ ಲೈಸೆನ್ಸಿಗೆ ಸಿಗುವಂಥದ್ದಲ್ಲ. ಇಲ್ಲಿ ಯಂತ್ರದ ಕೆಲಸದ ಬಗ್ಗೆ ಮಾತ್ರ ಮಾತಾಡಿ. ಎಲ್ಲಿ ಸಿಗುತ್ತೆ, ಎಷ್ಟಕ್ಕೆ ಸಿಗುತ್ತೆ ಎಂದು ಕೇಳಿದರೆ ಪೋಸ್ಟ್ ಅಳಿಸಲಾಗುವುದು. ರಿಪೇರಿ ಕೂಡ ಆಯುಧ ಕಾಯ್ದೆ 1959ರ ಪ್ರಕಾರ ಲೈಸೆನ್ಸ್ ಇದ್ದವರ ಕೆಲಸ. ಮನೆಯಲ್ಲಿ ಅರ ಹಿಡಿದು ಕೂರಬೇಡಿ.

ಹೆಬ್ಬಾಳ್_ಟೂಲ್‌ರೂಮ್
ಮಂಡ್ಯ_ಕಬ್ಬು ಅವರೇ, ಸ್ಪ್ರಿಂಗ್ ಒಂದೇ ಕಾರಣ ಅಲ್ಲ. ಸ್ಪ್ರಿಂಗನ್ನು ಯಾರು ಒತ್ತುತ್ತಾರೆ ಅನ್ನೋದು ಮುಖ್ಯ. ಸ್ಲೈಡ್ (ಪ್ರತಿ ಗುಂಡಿಗೂ ಹಿಂದೆ ಹೋಗಿ ಮುಂದೆ ಬರುವ ಮೇಲ್ಭಾಗ) ಒತ್ತುತ್ತಾ, ನಿಮ್ಮ ಬೆರಳು ಒತ್ತುತ್ತಾ?

ಪಿಪಿಕ್ಯೂ, ಎಚ್‌ಕೆ ವಿಪಿ9, ಪಿ320 ಇವುಗಳಲ್ಲಿ ಸ್ಲೈಡ್ ಹಿಂದೆ ಹೋಗಿ ಮುಂದೆ ಬರುವಷ್ಟರಲ್ಲಿ ಸ್ಟ್ರೈಕರ್ ಸ್ಪ್ರಿಂಗ್ ಪೂರ್ತಿ, ಇಲ್ಲವೇ ಪೂರ್ತಿಗೆ ತೀರಾ ಹತ್ತಿರ, ಒತ್ತಿಕೊಂಡಿರುತ್ತೆ. ಸ್ಟ್ರೈಕರಿನ ಕಾಲನ್ನು ಸಿಯರ್ ಅನ್ನೋ ಕೊಕ್ಕೆ ಹಿಡಿದುಕೊಂಡಿರುತ್ತೆ. ಬೆರಳಿಗೆ ಉಳಿಯುವ ಕೆಲಸ ಮೂರೇ: ಟ್ರಿಗರ್ ಸ್ಪ್ರಿಂಗನ್ನು ಗೆಲ್ಲೋದು, ಸ್ಟ್ರೈಕರ್ ಬ್ಲಾಕನ್ನು (ಪಿಸ್ತೂಲು ಬಿದ್ದಾಗ ಸ್ಟ್ರೈಕರನ್ನು ತಡೆಯುವ ತುಂಡು) ಮೇಲೆತ್ತೋದು, ಸಿಯರನ್ನು ಜಾರಿಸೋದು. ಮೊದಲೆರಡು ಹಗುರ ಕೆಲಸ, ಅವೇ ಮೊದಲ ಸಡಿಲ ಎಳೆತ, ಅಂದರೆ ಟೇಕ್‌ಅಪ್. ಮೂರನೆಯದಕ್ಕೆ ಬಂದಾಗ ಲೋಹದ ಮೇಲೆ ಲೋಹ, ಅದರ ಮೇಲೆ ಸ್ಪ್ರಿಂಗಿನ ಪೂರ್ತಿ ಒತ್ತಡ. ಅದು ನಿಮಗೆ ಸಿಗುವ 'ವಾಲ್', ಬೆರಳು ತಡೆದು ನಿಲ್ಲುವ ಗೋಡೆ. ಅಲ್ಲಿಂದ ಸಿಯರ್ ಜಾರಬೇಕಾದ ದೂರ ಚಿಕ್ಕದಾದ್ದರಿಂದ ಬ್ರೇಕ್ (ಟ್ರಿಗರ್ ಬಿಡುವ ಕ್ಷಣ) ಗರಿಗರಿ.

ಗ್ಲಾಕಿನಲ್ಲಿ ಸ್ಲೈಡ್ ಮುಚ್ಚಿದಾಗ ಸ್ಟ್ರೈಕರ್ ಅರ್ಧಂಬರ್ಧ ಒತ್ತಿಕೊಂಡು ನಿಲ್ಲುತ್ತೆ. ಟ್ರಿಗರ್ ಬಾರಿನ (ಟ್ರಿಗರನ್ನು ಹಿಂದಿನ ಭಾಗಗಳಿಗೆ ಜೋಡಿಸುವ ಪಟ್ಟಿ) ಹಿಂಭಾಗದಲ್ಲಿರುವ ಶಿಲುಬೆ ಆಕಾರದ ತಗಡೇ ಅಲ್ಲಿ ಸಿಯರ್. ನೀವು ಎಳೆದಾಗ ಅದು ಸ್ಟ್ರೈಕರನ್ನು ಹಿಂದಕ್ಕೆ ನೂಕಿಕೊಂಡೇ ಹೋಗುತ್ತೆ. ಅಂದರೆ ಟೇಕ್‌ಅಪ್ ಮುಗಿಯುವ ಹೊತ್ತಿಗೆ ಬೆರಳು ಸ್ಪ್ರಿಂಗ್ ಒತ್ತುವ ಕೂಲಿ ಕೆಲಸಕ್ಕೂ ಇಳಿದಿರುತ್ತೆ. ಕೊನೆಗೆ ಬಾರು ಕನೆಕ್ಟರ್ ಅನ್ನೋ ಸಣ್ಣ ತಗಡಿನ ಇಳಿಜಾರನ್ನು ಮುಟ್ಟಿ ಕೆಳಕ್ಕೆ ಜಾರಲು ಶುರು ಮಾಡುತ್ತೆ. ಹಿಂದಕ್ಕೆ ಹೋಗೋದೂ ಕೆಳಕ್ಕೆ ಇಳಿಯೋದೂ ಒಟ್ಟಿಗೆ ನಡೀತವೆ. ಆ ಉರುಳಿಕೆ ಇರೋದರಿಂದಲೇ ನಿಮಗೆ ಬಿಟ್ಟ ಕ್ಷಣ ಹರಿತವಾಗಿ ಸಿಗಲ್ಲ. ಒಟ್ಟು ಓಟ ಸುಮಾರು 12.5 ಮಿಲಿಮೀಟರ್. ಪಿಪಿಕ್ಯೂದು ಸುಮಾರು 10, ರಿಸೆಟ್ ಆಗೋಕೆ, ಅಂದರೆ ಟ್ರಿಗರ್ ಮುಂದಿನ ಗುಂಡಿಗೆ ಮತ್ತೆ ಸಿದ್ಧ ಆಗೋಕೆ, ಬರೀ ಎರಡೂವರೆ ಮಿಲಿಮೀಟರ್ ಬಿಟ್ಟರೆ ಸಾಕು.

ಗೇಜು ಹೇಳೋದು ಈ ದಾರಿಯಲ್ಲಿ ಬಂದ ಅತಿ ಹೆಚ್ಚಿನ ತೂಕ ಮಾತ್ರ. ಮೂರು ಪಿಸ್ತೂಲಿನದೂ ಗರಿಷ್ಠ ತೂಕ ಒಂದೇ ಇರಬಹುದು, ಅಲ್ಲಿಗೆ ಹೋಗುವ ಏರು ಬೇರೆ.

ಕಾವೇರಿ_ಎಡದಂಡೆ
ಇದಕ್ಕೆ ಒಂದೇ ಪಿಸ್ತೂಲಲ್ಲಿ ಸಾಕ್ಷಿ ಬೇಕಂದ್ರೆ ವಾಲ್ಥರ್ ಪಿ99 ನೋಡಿ. 1990ರ ದಶಕದ ಕೊನೆಗೆ ಬಂದದ್ದು. ಸ್ಟ್ರೈಕರ್ ಪಿಸ್ತೂಲೇ, ಆದರೆ ಸ್ಲೈಡಿನ ಮೇಲೆ ಡಿಕಾಕ್ ಗುಂಡಿ (ಗುಂಡು ಹಾರಿಸದೆ ಸ್ಟ್ರೈಕರ್ ಸಡಿಲಿಸೋ ಬಟನ್) ಇದೆ. ಡಿಕಾಕ್ ಮಾಡಿ ಎಳೆದರೆ ಸ್ಪ್ರಿಂಗ್ ಪೂರ್ತಿ ಬೆರಳೇ ಒತ್ತಬೇಕು: ಉದ್ದ ಎಳೆತ, ತೂಕ ಸುಮಾರು ಎರಡರಷ್ಟು. ಒಂದು ಗುಂಡು ಹೊಡೆದ ಮೇಲೆ ಸ್ಲೈಡ್ ಒತ್ತಿಕೊಟ್ಟಿರುತ್ತೆ, ಎಳೆತ ಗಿಡ್ಡ, ಹಗುರ. ಸ್ಲೈಡ್ ಕೈಯಲ್ಲಿ ಎಳೆದು ಬಿಟ್ಟರೆ ಮೂರನೇ ಥರ: ಸ್ಟ್ರೈಕರ್ ಕಾಕ್ ಆಗಿದೆ (ಸ್ಪ್ರಿಂಗ್ ಒತ್ತಿಕೊಂಡು ನಿಂತಿದೆ), ಆದರೆ ಟ್ರಿಗರ್ ಮುಂದೆಯೇ ನಿಂತಿದೆ, ಓಟ ಉದ್ದ, ತೂಕ ಕಮ್ಮಿ. ಅದೇ ಸ್ಪ್ರಿಂಗ್, ಅದೇ ಸಿಯರ್, ಅದೇ ಬೆರಳು. ಮೂರು ಟ್ರಿಗರ್. ಪಿಪಿಕ್ಯೂ ಬಂದಿರೋದು ಇದೇ ಮನೆತನದಿಂದ, 2011ರಲ್ಲಿ. ಅದರಲ್ಲಿ ಸ್ಲೈಡ್ ಒತ್ತಿಕೊಟ್ಟ ಹಗುರ ಎಳೆತವನ್ನು ಮಾತ್ರ ಇಟ್ಟುಕೊಂಡರು.

ಮಂಡ್ಯ_ಕಬ್ಬು
ಭೇಷ್ ಅಣ್ಣ, ಇದು ತಲೆಗೆ ಹೋಯ್ತು. ಆದ್ರೆ ಗ್ಲಾಕ್ ಅರ್ಧ ಕಾಕ್ ಆಗಿದೆ ಅಂದ್ರೆ ಅರ್ಧ ಕೆಲಸ ಸ್ಲೈಡ್ ಮಾಡಿದೆ, ಅರ್ಧ ಬೆರಳು ಅಂತಾನಾ?

ಹೆಬ್ಬಾಳ್_ಟೂಲ್‌ರೂಮ್
ಅಲ್ಲ. ಈ ಶೇಕಡಾ ಲೆಕ್ಕದಲ್ಲಿ ಇಂಟರ್ನೆಟ್ ಪೂರ್ತಿ ಎಡವುತ್ತೆ. ಸ್ಪ್ರಿಂಗಿನಲ್ಲಿ ಕೂಡಿಡುವ ಶಕ್ತಿ ಒತ್ತಿದ ದೂರದ ವರ್ಗಕ್ಕೆ ಅನುಗುಣ. ಮೊದಲೇ ಬಿಗಿ ಇಲ್ಲದ ಸ್ಪ್ರಿಂಗ್ ಅಂದುಕೊಳ್ಳಿ, ಅರ್ಧ ದೂರ ಒತ್ತಿದರೆ ಪೂರ್ತಿ ಶಕ್ತಿಯ ಕಾಲು ಭಾಗ ಮಾತ್ರ ಸೇರುತ್ತೆ. ಉಳಿದ ಮುಕ್ಕಾಲು ಆಮೇಲಿನ ಅರ್ಧದಲ್ಲಿ. ನಿಜವಾದ ಸ್ಪ್ರಿಂಗಿಗೆ ಜೋಡಿಸುವಾಗಲೇ ಸ್ವಲ್ಪ ಬಿಗಿ ಇರುತ್ತೆ, ಹಾಗಾಗಿ ಅಂಕಿ ಬದಲಾಗುತ್ತೆ, ದಿಕ್ಕು ಬದಲಾಗಲ್ಲ. ಯಾರಾದರೂ 'ಇಷ್ಟು ಪರ್ಸೆಂಟ್ ಕಾಕ್' ಅಂದರೆ ದೂರದ ಪರ್ಸೆಂಟಾ ಶಕ್ತಿಯ ಪರ್ಸೆಂಟಾ ಅಂತ ಮೊದಲು ಕೇಳಿ. ಹೇಳದಿದ್ದರೆ ಆ ವಾದ ಅಲ್ಲಿಗೇ ಬಿಡಿ.

ಆರ್ಮರರ್_ನಿವೃತ್ತ
ಎಲ್ಲ ಸರಿಯಾಗೇ ಹೇಳಿದ್ದೀರಿ. ಗ್ಲಾಕಿನ ಟ್ರಿಗರ್ ಸ್ಪ್ರಿಂಗಿನ ವಿಷಯ ಸೇರಿಸುತ್ತೇನೆ, ಇದನ್ನು ತಿಳಿಯದೆ ಸ್ಪ್ರಿಂಗ್ ಬದಲಾಯಿಸಿ ಗೊಂದಲಕ್ಕೆ ಬೀಳುವವರು ಬಹಳ.

ಜೆನ್ 4 (ನಾಲ್ಕನೇ ತಲೆಮಾರು) ವರೆಗಿನ ಗ್ಲಾಕಿನಲ್ಲಿ ಟ್ರಿಗರ್ ಸ್ಪ್ರಿಂಗ್ ಬಾರನ್ನು ಹಿಂದಕ್ಕೂ ಮೇಲಕ್ಕೂ ಎಳೆಯುತ್ತದೆ. ಅಂದರೆ ಅದು ನಿಮ್ಮ ಬೆರಳಿಗೆ ಸಹಾಯ ಮಾಡುವ ಸ್ಪ್ರಿಂಗ್. ಟ್ರಿಗರನ್ನು ಮುಂದಕ್ಕೆ ತಳ್ಳುವುದು ಸ್ಟ್ರೈಕರ್ ಸ್ಪ್ರಿಂಗ್. ಹಾಗಾಗಿ ಗಟ್ಟಿ ಟ್ರಿಗರ್ ಸ್ಪ್ರಿಂಗ್ ಹಾಕಿದರೆ ಎಳೆತ ಹಗುರವಾಗುತ್ತದೆ, ಮೆದುವಾದದ್ದು ಹಾಕಿದರೆ ಭಾರವಾಗುತ್ತದೆ. ಬೇರೆ ಪಿಸ್ತೂಲಿನ ಲೆಕ್ಕ ತಂದರೆ ಇಲ್ಲಿ ಉಲ್ಟಾ. ನ್ಯೂಯಾರ್ಕ್ ಪೊಲೀಸರ ಬೇಡಿಕೆಗೆ ಬಂದ 'ಎನ್‌ವೈ' ಸ್ಪ್ರಿಂಗ್ ಈ ಸಹಾಯವನ್ನೇ ತೆಗೆದು ಬಾರನ್ನು ಎದುರು ದಿಕ್ಕಿಗೆ ಒತ್ತುತ್ತದೆ. ಎಳೆತ ಮೊದಲಿನಿಂದಲೇ ಭಾರ, ಏರು ಕಡಿಮೆ.

ಕನೆಕ್ಟರ್ ಇನ್ನೊಂದು. ಮಾಮೂಲಿಯದು 5.5 ಪೌಂಡ್, ಅಂದರೆ ಎರಡೂವರೆ ಕಿಲೋ. ಮೈನಸ್ ಗುರುತಿನದು 4.5 ಪೌಂಡ್, ಎರಡು ಕಿಲೋ. ಪ್ಲಸ್ ಗುರುತಿನದು 8. ಮೂರಕ್ಕೂ ವ್ಯತ್ಯಾಸ ಇರುವುದು ಆ ಇಳಿಜಾರಿನ ಕೋನದಲ್ಲಿ. ಸ್ಪ್ರಿಂಗ್ ಮುಟ್ಟದೆ ಕೋನ ಒಂದನ್ನೇ ಬದಲಾಯಿಸಿ ಎಳೆತದ ರುಚಿಯನ್ನೇ ಬದಲಾಯಿಸಬಹುದು ಎಂಬುದಕ್ಕೆ ಈ ಸಣ್ಣ ತಗಡು ಸಾಕ್ಷಿ. ಹಗುರ ಕನೆಕ್ಟರಿನಲ್ಲಿ ವಾಲ್ ಕೂಡ ಸ್ವಲ್ಪ ಕರಗಿಹೋಗುತ್ತದೆ, ಕೆಲವರಿಗೆ ಅದು ಇಷ್ಟವಾಗುವುದಿಲ್ಲ.

ಪಾಂಡವಪುರ_10ಮೀ
ಹಾಗಾದ್ರೆ ಸ್ಟ್ರೈಕರ್ ಸ್ಪ್ರಿಂಗ್ ಹಗುರದ್ದು ಹಾಕಿಬಿಟ್ರೆ ಎಲ್ಲಾ ಮುಗೀತಲ್ಲ ಗುರು? ನಮ್ಮ ಏರ್ ಪಿಸ್ತೂಲಲ್ಲಿ 500 ಗ್ರಾಂ. 25 ಮೀಟರಿನದು 1000 ಗ್ರಾಂ. ಎರಡೂವರೆ ಕಿಲೋ ಎಳ್ಕೊಂಡು ಕೂತ್ರೆ ಗುರಿ ಎಲ್ಲಿ ಉಳಿಯುತ್ತೆ?

ಆರ್ಮರರ್_ನಿವೃತ್ತ
ಸ್ಪರ್ಧೆಯ ಪಿಸ್ತೂಲಿನ ತೂಕವನ್ನು ಸೊಂಟದ ಪಿಸ್ತೂಲಿಗೆ ತರಬೇಡಪ್ಪ. ಅದು ರೇಂಜಿನ ಸಾಲಿನಲ್ಲಿ ಮಾತ್ರ ಲೋಡ್ ಆಗುವ ವಸ್ತು. ಇದು ಹೋಲ್‌ಸ್ಟರಿನಲ್ಲಿ, ಜೀಪಿನಲ್ಲಿ, ಓಡುವಾಗ, ಬೀಳುವಾಗ ಲೋಡ್ ಆಗಿಯೇ ಇರುತ್ತದೆ.

ಸ್ಟ್ರೈಕರ್ ಸ್ಪ್ರಿಂಗ್ ಹಗುರ ಮಾಡಿದರೆ ಎರಡು ಕಡೆ ಪೆಟ್ಟು. ಒಂದು, ಪ್ರೈಮರ್ (ಗುಂಡಿನ ಹಿಂಬದಿಯ ಕಿಡಿ ಕೊಡುವ ಭಾಗ) ಮೇಲೆ ಬೀಳುವ ಏಟು ಕಡಿಮೆ. ಮೆಷಿನ್ ಕಾರ್ಬೈನಿಗೆಂದು ಮಾಡಿದ 9 ಎಂಎಂ ಮದ್ದುಗುಂಡಿನಲ್ಲಿ ಪ್ರೈಮರ್ ಗಟ್ಟಿ ಇರುತ್ತದೆ, ಅದರಲ್ಲಿ ಮೊದಲು ಕೈಕೊಡುವುದು ಇಂಥ ಸ್ಪ್ರಿಂಗು. ಕೇಸ್ ತೆಗೆದು ನೋಡಿದರೆ ಪ್ರೈಮರಿನ ಮೇಲಿನ ಕುಳಿ ಆಳವಿಲ್ಲದೆ ಮೇಲುಮೇಲೆ ಬಿದ್ದಿರುತ್ತದೆ. ಎರಡನೆಯದು, ಜೆನ್ 4 ವರೆಗಿನದರಲ್ಲಿ ಟ್ರಿಗರನ್ನು ಮುಂದಕ್ಕೆ ತಳ್ಳುವುದೇ ಆ ಸ್ಪ್ರಿಂಗ್ ಎಂದೆನಲ್ಲ, ಅದು ಸೋತರೆ ರಿಸೆಟ್ ಮಂದವಾಗುತ್ತದೆ. ಗಟ್ಟಿ ಟ್ರಿಗರ್ ಸ್ಪ್ರಿಂಗ್ ಮತ್ತು ಹಗುರ ಸ್ಟ್ರೈಕರ್ ಸ್ಪ್ರಿಂಗ್ ಎರಡೂ ಒಟ್ಟಿಗೆ ಹಾಕಿದರೆ ಟ್ರಿಗರ್ ಮುಂದಕ್ಕೆ ಬರಲು ತಡವರಿಸುವುದೂ ಉಂಟು.

ಗ್ಲಾಕಿನಲ್ಲಿ ಇನ್ನೊಂದು ಹಗ್ಗಜಗ್ಗಾಟ ಇದೆ. ಸ್ಟ್ರೈಕರ್ ಸ್ಪ್ರಿಂಗಿನ ಒಂದು ತುದಿ ಸ್ಲೈಡಿಗೆ ಆನಿಕೊಂಡಿರುವುದರಿಂದ ಅದು ಒಳಗೊಳಗೇ ಸ್ಲೈಡನ್ನು ಹಿಂದಕ್ಕೆ ತಳ್ಳುತ್ತಿರುತ್ತದೆ. ಎದುರು ನಿಲ್ಲುವುದು ಸ್ಲೈಡನ್ನು ಮುಂದಕ್ಕೆ ತಳ್ಳುವ ರಿಕಾಯಿಲ್ ಸ್ಪ್ರಿಂಗ್. ರಿಕಾಯಿಲ್ ಸ್ಪ್ರಿಂಗ್ ಸೋತಿದ್ದರೆ ಸ್ಲೈಡ್ ಪೂರ್ತಿ ಮುಚ್ಚದೆ ಕೂದಲೆಳೆ ಹಿಂದೆ ನಿಲ್ಲುತ್ತದೆ, ಆಗ ಟ್ರಿಗರ್ ಏನೋ ಒಂಥರಾ ಎನಿಸುತ್ತದೆ, ಇಲ್ಲವೇ ಕೆಲಸವೇ ಮಾಡುವುದಿಲ್ಲ. ಪರೀಕ್ಷೆ ಹೀಗೆ: ಮ್ಯಾಗಜೀನ್ ತೆಗೆದು, ಚೇಂಬರ್ (ನಳಿಕೆಯಲ್ಲಿ ಗುಂಡು ಕೂರುವ ಜಾಗ) ಕಣ್ಣಿನಲ್ಲೂ ಬೆರಳಲ್ಲೂ ನೋಡಿ ಖಾಲಿ ಎಂದು ಖಚಿತ ಮಾಡಿಕೊಳ್ಳಿ. ರೇಂಜಿನಲ್ಲಿ ಸುರಕ್ಷಿತ ದಿಕ್ಕಿನಲ್ಲಿ ಮೂತಿ ಮೇಲಕ್ಕೆ ಮಾಡಿ ಟ್ರಿಗರ್ ಎಳೆದು ಹಿಡಿದುಕೊಳ್ಳಿ. ಬಿಡದೆ ಸ್ಲೈಡ್ ಹಿಂದಕ್ಕೆ ಎಳೆದು, ಕೈ ಜೊತೆಗೇ ನಿಧಾನ ಮುಂದಕ್ಕೆ ತನ್ನಿ. ತಾನಾಗಿ ಪೂರ್ತಿ ಮುಚ್ಚಬೇಕು. ಮುಚ್ಚದಿದ್ದರೆ ರಿಕಾಯಿಲ್ ಸ್ಪ್ರಿಂಗ್ ಬದಲಾಯಿಸಿ. ಟ್ರಿಗರಿನಲ್ಲಿ ತಪ್ಪು ಹುಡುಕಬೇಡಿ.

ಕುವೆಂಪುನಗರ_ಶೂಟರ್
ಅಳೆಯೋ ವಿಧಾನದ ಬಗ್ಗೆ. ಇಲ್ಲಿ ಅರ್ಧ ಜಗಳ ಅಳತೆಯಲ್ಲೇ ಹುಟ್ಟಿರೋದು.

ಟ್ರಿಗರ್ ಒಂದು ಸನ್ನೆಕೋಲು. ತಿರುಗೋ ಪಿನ್ನಿಂದ ನಿಮ್ಮ ಬೆರಳು ಎಷ್ಟು ಕೆಳಗಿದೆ ಅನ್ನೋದರ ಮೇಲೆ ತೂಕ. ಪಿನ್ನಿಂದ 20 ಮಿಲಿಮೀಟರ್ ಕೆಳಗೆ ಕೊಕ್ಕೆ ಹಾಕಿ 2.5 ಕಿಲೋ ಬಂದರೆ, ಅದನ್ನೇ 25 ಮಿಲಿಮೀಟರಿಗೆ ಇಳಿಸಿದರೆ 2 ಕಿಲೋ ಬರುತ್ತೆ. ಪಿಸ್ತೂಲಿನಲ್ಲಿ ಒಂದು ಸ್ಕ್ರೂ ಬದಲಾಗಿಲ್ಲ, ಅರ್ಧ ಕಿಲೋ ಕಮ್ಮಿ. ಬದಲಿಗೆ ಬೆರಳು ಅಷ್ಟೇ ಹೆಚ್ಚು ದೂರ ಹೋಗಬೇಕು. ಫ್ಲಾಟ್ (ಬಾಗದ, ನೇರ ಮುಖದ) ಟ್ರಿಗರ್ ಹಾಕಿದ ತಕ್ಷಣ 'ಹಗುರ ಆಯ್ತು' ಅಂತಾರಲ್ಲ, ಬಹುಪಾಲು ಇದೇ. ಬಾಗಿದ ಟ್ರಿಗರ್ ಬೆರಳನ್ನು ನಡುವಿನ ತಗ್ಗಿಗೆ ತಂದು ಕೂರಿಸುತ್ತೆ, ಫ್ಲಾಟಿನಲ್ಲಿ ಬೆರಳು ಕೆಳಗೆ ಇಳಿಯುತ್ತೆ.

ಹಾಗಾಗಿ ಎರಡು ಪಿಸ್ತೂಲು ಹೋಲಿಸೋದಾದರೆ ಕೊಕ್ಕೆ ಹಾಕೋ ಜಾಗಕ್ಕೆ ಮಾರ್ಕರಲ್ಲಿ ಗೆರೆ ಎಳೆದುಕೊಳ್ಳಿ. ಎಳೆತ ಬ್ಯಾರಲ್ಲಿಗೆ ಸಮಾನಾಂತರ ಇರಲಿ, ಮೇಲೆ ಕೆಳಗೆ ವಾಲಬಾರದು. ಒಂದು ಎಳೆತಕ್ಕೆ ನಾಲ್ಕೈದು ಸೆಕೆಂಡ್ ತಗೊಳ್ಳಿ, ಜರ್ಕ್ ಹೊಡೆದರೆ ಡಿಜಿಟಲ್ ಗೇಜು ಸುಳ್ಳು ಹೇಳುತ್ತೆ. ಹತ್ತು ಸಲ ಎಳೆದು ಸರಾಸರಿ ಜೊತೆಗೆ ಅತಿ ಹೆಚ್ಚು ಅತಿ ಕಮ್ಮಿ ಎರಡೂ ಬರೆದಿಡಿ. ಇವುಗಳಲ್ಲಿ ಬಹುಪಾಲಿಗೆ ಒಂದು ಸಲ ಬಿಟ್ಟ ಮೇಲೆ ಸ್ಲೈಡ್ ಎಳೆಯದೆ ಟ್ರಿಗರ್ ಮತ್ತೆ ಕೆಲಸ ಮಾಡಲ್ಲ, ಹಾಗಾಗಿ ಪ್ರತಿ ಸಲ ಎಳೆಯಿರಿ. ಬಸ್ ಸ್ಟ್ಯಾಂಡ್ ಹತ್ತಿರ ಸಿಗೋ ಲಗೇಜ್ ತೂಕದ ಕೊಕ್ಕೆ ಇದಕ್ಕೆ ಆಗಲ್ಲ. ಅದು ತೂಕ ನಿಂತ ಮೇಲೆ ಲಾಕ್ ಆಗೋ ಯಂತ್ರ, ಬ್ರೇಕ್ ಆದ ಕ್ಷಣದ್ದು ಹಿಡಿಯಲ್ಲ.

ನಿಜವಾಗಿ ಅರ್ಥ ಆಗಬೇಕಂದ್ರೆ ಗ್ರಾಫ್ ಹಾಕಿ. ಟ್ರಿಗರ್ ಒಂದೊಂದು ಮಿಲಿಮೀಟರ್ ಹಿಂದೆ ಹೋದಾಗ ಎಷ್ಟು ತೂಕ ಅಂತ ಡಯಲ್ ಗೇಜ್ ಇಟ್ಟು ಬರೆದುಕೊಳ್ಳಿ. ಗ್ಲಾಕಿನದು ಒಂದು ಏರು, ಕೊನೆಗೆ ಒಂದು ಮೆಟ್ಟಿಲು. ಪಿಪಿಕ್ಯೂದು ಸಪಾಟು ಗೆರೆ, ಆಮೇಲೆ ನೆಟ್ಟಗೆ ಮೇಲಕ್ಕೆ.

ಮಂಡ್ಯ_ಕಬ್ಬು
ಟೇಕ್‌ಅಪ್ ನಡುವೆ ಒಂದು ಸಣ್ಣ ಉಬ್ಬು ಸಿಗುತ್ತಲ್ಲ ಸಾರ್, ಗರ್ ಅನ್ನೋ ಥರ? ಕೆಲವದರಲ್ಲಿ ಇದೆ, ಕೆಲವದರಲ್ಲಿ ಇಲ್ಲ.

ಹೆಬ್ಬಾಳ್_ಟೂಲ್‌ರೂಮ್
ಅದು ಸ್ಟ್ರೈಕರ್ ಬ್ಲಾಕ್. ಸ್ಲೈಡಿನ ಒಳಗೆ ಸ್ಪ್ರಿಂಗ್ ಮೇಲೆ ಕೂತಿರುವ ಪುಟ್ಟ ದುಂಡನೆಯ ಸಲಾಕೆ. ಟ್ರಿಗರ್ ಎಳೆಯದೆ ಪಿಸ್ತೂಲು ಬಿದ್ದರೆ ಸ್ಟ್ರೈಕರ್ ಮುಂದೆ ಹೋಗದ ಹಾಗೆ ತಡೆಯೋದು ಅದು. ಬಾರಿನ ಮೇಲಿರುವ ಒಂದು ಕಿವಿ ಬಂದು ಅದನ್ನು ಮೇಲೆತ್ತುತ್ತೆ. ಆ ಸಲಾಕೆಯ ಅಂಚು ಚೂಪಾಗಿದ್ದರೆ ಕಿವಿ ತಾಗಿದಾಗ ಮುಗ್ಗರಿಸುತ್ತೆ, ಓರೆಯಾಗಿ ಕತ್ತರಿಸಿದ್ದರೆ ಜಾರಿಕೊಂಡು ಹತ್ತುತ್ತೆ. 2017ರ ಗ್ಲಾಕ್ ಜೆನ್ 5ರಲ್ಲಿ ಈ ಸಲಾಕೆಯ ಮುಖಕ್ಕೆ ಓರೆ ಕೊಟ್ಟರು. ಹಳೆಯದರ ಪಕ್ಕ ಇಟ್ಟು ಎಳೆದರೆ ಟೇಕ್‌ಅಪ್ ನುಣುಪಾಗಿರೋದು ಗೊತ್ತಾಗುತ್ತೆ.

ವಿನ್ಯಾಸಕಾರನಿಗೆ ಇಲ್ಲಿ ಇನ್ನೊಂದು ಆಯ್ಕೆ ಇದೆ. ಬ್ಲಾಕ್ ಎತ್ತೋದು ಬ್ರೇಕಿಗಿಂತ ಸಾಕಷ್ಟು ಮೊದಲೇ ಮುಗಿಯಬೇಕು. ಎರಡೂ ತೀರ ಹತ್ತಿರ ಬಂದರೆ ಬೆರಳಿಗೆ ಎರಡು ವಾಲ್ ಸಿಕ್ಕ ಹಾಗೆ ಆಗುತ್ತೆ, ಅದನ್ನೂ ಜನ ಕ್ರೀಪ್ (ವಾಲ್ ಸಿಕ್ಕ ಮೇಲೂ ಟ್ರಿಗರ್ ತೆವಳೋದು) ಅಂತ ಬೈಯೋದುಂಟು. ತುಂಬಾ ಮೊದಲೇ ಎತ್ತಿಬಿಟ್ಟರೆ ಸುರಕ್ಷತೆಯ ಅಂಚು ಕಮ್ಮಿ.

ಸಿಯರಿನ ಕೋನವೂ ಹೀಗೇ. ಸ್ಟ್ರೈಕರಿನ ಒತ್ತಡ ಸಿಯರನ್ನು ಇನ್ನಷ್ಟು ಬಿಗಿಯಾಗಿ ಒಳಗೆ ಎಳೆದುಕೊಳ್ಳುವಂತೆ ಕೋನ ಕೊಟ್ಟರೆ, ನೀವು ಎಳೆದಾಗ ಸ್ಟ್ರೈಕರ್ ಒಂದಿಷ್ಟು ಹಿಂದೆ ಸರಿದು ಆಮೇಲೆ ಬಿಡುತ್ತೆ. ಎಳೆತ ಭಾರ, ಆದರೆ ಏಟು ಬಿದ್ದರೂ ಸಿಯರ್ ಕಳಚಲ್ಲ. ಕೋನ ನೇರ ಮಾಡಿದರೆ ಗಾಜು ಮುರಿದ ಹಾಗೆ ಬ್ರೇಕ್, ಅಂಚು ಸವೆದ ದಿನ ಅಪಾಯ. ಕೋನ ಉಲ್ಟಾ ಆಯಿತೋ, ಅದು ಟ್ರಿಗರ್ ಅಲ್ಲ, ಅಪಘಾತ. ಕಂಪನಿಯವರು ಹಗುರ ಮಾಡಕ್ಕೆ ಬರದೆ ಭಾರ ಇಟ್ಟಿರೋದಲ್ಲ.

ಪಾಂಡವಪುರ_10ಮೀ
ಪಾಲಿಶ್ ಮಾಡ್ತಾರಲ್ಲ, ಅದು ತಪ್ಪಾ ಹಾಗಾದ್ರೆ?

ಹೆಬ್ಬಾಳ್_ಟೂಲ್‌ರೂಮ್
ಹೊಳಪು ತರೋದು ಬೇರೆ, ಲೋಹ ತೆಗೆಯೋದು ಬೇರೆ. ಎರಡರ ಗಡಿ ಕೈಗೆ ತಿಳಿಯಲ್ಲ. ಮೋಟಾರು ಚಕ್ರ ಹಿಡಿದರೆ ಅಂಚು ಒಂದೇ ಕ್ಷಣದಲ್ಲಿ ದುಂಡಗಾಗುತ್ತೆ, ಮೇಲಿನ ಗಡಸು ಪದರ ಹೋದರೆ ಒಳಗಿನ ಮೆದು ಉಕ್ಕು ಬೇಗ ಸವೆಯುತ್ತೆ. ಬ್ಲಾಕಿನ ಸಲಾಕೆ, ಸಿಯರ್ ಮುಖ ಎರಡನ್ನೂ ಮುಟ್ಟಬಾರದು. ಗರಗರ ಅನ್ನಿಸಿದರೆ ಭಾಗ ಬದಲಾಯಿಸಿ, ಅದೂ ಲೈಸೆನ್ಸ್ ಇರುವ ಗನ್‌ಸ್ಮಿತ್ ಕೈಯಲ್ಲಿ.

ಕಾವೇರಿ_ಎಡದಂಡೆ
ಟ್ರಿಗರಿನ ಸ್ವಂತ ತೂಕದ ಮಾತು ಯಾರೂ ಎತ್ತಲಿಲ್ಲ. ಪಿ320 ಬಂದದ್ದು 2014ರಲ್ಲಿ. ಕೆಲವು ಕೋನಗಳಲ್ಲಿ ಬಿದ್ದರೆ ಗುಂಡು ಹಾರುತ್ತೆ ಅಂತ ಗೊತ್ತಾಗಿ 2017ರ ಆಗಸ್ಟಿನಲ್ಲಿ ಕಂಪನಿಯೇ ಉಚಿತವಾಗಿ ಭಾಗ ಬದಲಾಯಿಸಿ ಕೊಡೋಕೆ ಶುರು ಮಾಡಿತು. ಹಗುರವಾದ ಟ್ರಿಗರ್, ಹಗುರವಾದ ಸಿಯರ್ ಮತ್ತು ಸ್ಟ್ರೈಕರ್, ಜೊತೆಗೊಂದು ಡಿಸ್ಕನೆಕ್ಟರ್ (ಸ್ಲೈಡ್ ಮುಚ್ಚದಿದ್ದಾಗ ಟ್ರಿಗರಿನ ಕೊಂಡಿ ಬಿಡಿಸುವ ಭಾಗ). ಪಿಸ್ತೂಲು ಬೆನ್ನಿನ ಮೇಲೆ ಬಿದ್ದು ನಿಂತಾಗ ಭಾರದ ಟ್ರಿಗರ್ ಮಾತ್ರ ತನ್ನ ಓಟ ನಿಲ್ಲಿಸದೆ ಹಿಂದಕ್ಕೆ ಹೋಗುತ್ತೆ, ಬೆರಳು ಎಳೆದ ಹಾಗೆಯೇ. ಹಗುರ ಮಾಡಿದರೆ ಆ ತಳ್ಳು ಕಮ್ಮಿ. ಗ್ಲಾಕಿನ ಟ್ರಿಗರ್ ನಡುವಿನ ನಾಲಿಗೆ ಇರೋದೂ ಇದಕ್ಕೇ, ಬೆರಳು ಅದನ್ನು ಒಳಗೆ ಒತ್ತದಿದ್ದರೆ ಟ್ರಿಗರ್ ಹಿಂದೆ ಬರಲ್ಲ. ಬೆರಳಿಗೆ ಆ ನಾಲಿಗೆ ಚುಚ್ಚುತ್ತೆ ಅಂತ ದೂರುವವರು ಅದು ಯಾಕಿದೆ ಅಂತ ಯೋಚಿಸಲಿ.

ಸ್ಮಿತ್ ಅಂಡ್ ವೆಸನ್ ಎಂ ಅಂಡ್ ಪಿ 2005ರಲ್ಲಿ ಬಂದಾಗ ಇದೇ ಕೆಲಸಕ್ಕೆ ಟ್ರಿಗರನ್ನೇ ನಡುವೆ ಮಡಚುವ ಹಾಗೆ ಮಾಡಿದ್ದರು. ಕೆಳಭಾಗ ಒತ್ತಿದರೆ ಮಾತ್ರ ಬೀಗ ಬಿಡುತ್ತೆ. ಬೆರಳು ಮೇಲೆ ಇಟ್ಟವರಿಗೆ ಅದು ತಡೆದ ಹಾಗೆ ಅನ್ನಿಸೋದು. ರಿಸೆಟ್ ಸ್ಪಷ್ಟ ಇಲ್ಲ ಅನ್ನೋ ದೂರು ಬೇರೆ. 2017ರ 2.0ದಲ್ಲಿ ಅದನ್ನು ಸರಿ ಮಾಡಿದರು.

ಮಂಡ್ಯ_ಕಬ್ಬು
ರಿಸೆಟ್ ಕ್ಲಿಕ್ ಅನ್ನೋದು ಎಲ್ಲಿಂದ ಬರುತ್ತೆ?

ಆರ್ಮರರ್_ನಿವೃತ್ತ
ಗ್ಲಾಕಿನಲ್ಲಿ ಕನೆಕ್ಟರಿನಿಂದ. ಗುಂಡು ಹಾರಿದಾಗ ಸ್ಲೈಡ್ ಹಿಂದೆ ಹೋಗುತ್ತಾ ಕನೆಕ್ಟರನ್ನು ಪಕ್ಕಕ್ಕೆ ಒತ್ತುತ್ತದೆ, ಬಾರು ಮೇಲೆದ್ದು ಸ್ಟ್ರೈಕರ್ ಕಾಲನ್ನು ಹಿಡಿಯುತ್ತದೆ. ನೀವು ಟ್ರಿಗರ್ ಮುಂದಕ್ಕೆ ಬಿಟ್ಟಾಗ ಬಾರು ಕನೆಕ್ಟರನ್ನು ದಾಟುತ್ತದೆ, ಕನೆಕ್ಟರ್ ತನ್ನ ಜಾಗಕ್ಕೆ ಸಿಡಿದು ಬರುತ್ತದೆ. ಆ ಸಿಡಿತವೇ ಕ್ಲಿಕ್. ಕನೆಕ್ಟರ್ ಬಾಗಿದ್ದರೆ ಕ್ಲಿಕ್ ಮಂಕಾಗುತ್ತದೆ.

ಶ್ರೀರಂಗಪಟ್ಟಣ_32
ನಮ್ಮಂಥವರಿಗೆ .32 ಬಿಟ್ಟರೆ ಬೇರೆ ಗತಿ ಇಲ್ಲ. ಅಪ್ಪನ ಕಾಲದ ಲೈಸೆನ್ಸಿನ ಎಫ್‌ಎನ್ 1910. ಅದೂ ಸ್ಟ್ರೈಕರ್ ಅಂತಾರೆ. ಅದಕ್ಕೆ ಈ ಲೆಕ್ಕ ಹೊಂದುತ್ತಾ?

ಆರ್ಮರರ್_ನಿವೃತ್ತ
ಹೊಂದುತ್ತದೆ. ಅದರಲ್ಲಿ ಸ್ಟ್ರೈಕರ್ ಪೂರ್ತಿ ಕಾಕ್ ಆಗಿರುತ್ತದೆ, ಬೆರಳು ಸಿಯರ್ ಜಾರಿಸಿದರೆ ಸಾಕು. ಸ್ಟ್ರೈಕರ್ ಎನ್ನುವುದು ಗ್ಲಾಕಿನಿಂದ ಹುಟ್ಟಿದ್ದಲ್ಲ, ಬ್ರೌನಿಂಗನ 1900ರ ಪಿಸ್ತೂಲಿನಲ್ಲೂ, ಜರ್ಮನರ ಲೂಗರಿನಲ್ಲೂ ಇತ್ತು. ನಿಮ್ಮದರಲ್ಲಿ ಗ್ರಿಪ್ ಸೇಫ್ಟಿ (ಹಿಡಿಯ ಹಿಂಬದಿಯ ಒತ್ತುಪಟ್ಟಿ) ಪೂರ್ತಿ ಒತ್ತದಿದ್ದರೆ, ಮ್ಯಾಗಜೀನ್ ಒಳಗಿಲ್ಲದಿದ್ದರೆ ಟ್ರಿಗರ್ ಕೆಲಸ ಮಾಡುವುದಿಲ್ಲ. ಕೆಟ್ಟಿದೆ ಎಂದು ತಿಳಿದು ಅಂಗಡಿಗೆ ತರುವವರು ಇದ್ದಾರೆ. ಗುಂಡಿಲ್ಲದೆ ಖಾಲಿ ಟ್ರಿಗರ್ ಎಳೆಯುವುದನ್ನು ಅಭ್ಯಾಸ ಮಾಡಿಕೊಳ್ಳಬೇಡಿ, ಅಷ್ಟು ಹಳೆಯ ಸ್ಟ್ರೈಕರಿನ ತುದಿ ಮುರಿದರೆ ಭಾಗ ಸಿಗುವುದು ಕಷ್ಟ.

ಗಮನಿಸಬೇಕಾದ್ದು ಒಂದು. ಇಷ್ಟು ವರ್ಷದ ಪಿಸ್ತೂಲಿನ ಟ್ರಿಗರ್ ಈಚೆಗೆ ತಾನಾಗಿ ಹಗುರವಾಗುತ್ತಾ ಬಂದಿದ್ದರೆ ಖುಷಿ ಪಡಬೇಡಿ, ಸಿಯರ್ ಅಂಚು ಸವೆಯುತ್ತಿದೆ. ಲೋಡ್ ಮಾಡದೆ ಗನ್‌ಸ್ಮಿತ್‌ಗೆ ತೋರಿಸಿ.

ಶ್ರೀರಂಗಪಟ್ಟಣ_32
ಉಲ್ಟಾ ಸಾರ್. ಎಲೆಕ್ಷನ್ನಿಗೆ ಠಾಣೆಗೆ ಡೆಪಾಸಿಟ್ ಮಾಡಿ ವಾಪಸ್ ತಂದ ಮೇಲೆ ಭಾರ ಆಗಿದೆ. ಅಂಟಿದ ಹಾಗೆ.

ಆರ್ಮರರ್_ನಿವೃತ್ತ
ಹಾಗಾದರೆ ಎಣ್ಣೆ. ತಿಂಗಳುಗಟ್ಟಲೆ ಬಟ್ಟೆ ಸುತ್ತಿ ಇಟ್ಟಾಗ ಹಳೆ ಎಣ್ಣೆ ಗೋಂದಾಗುತ್ತದೆ, ಬಟ್ಟೆ ಮಳೆಗಾಲದ ತೇವ ಎಳೆದುಕೊಳ್ಳುತ್ತದೆ. ಡೆಪಾಸಿಟ್ ಮಾಡುವ ಮುನ್ನ ಹಳೆಯದನ್ನು ಪೂರ್ತಿ ಒರೆಸಿ ತೆಳುವಾಗಿ ಹೊಸದು ಹಚ್ಚಬೇಕು. ಈಗ ಬಿಚ್ಚಿಸಿ ಸಾಲ್ವೆಂಟಿನಲ್ಲಿ ತೊಳೆಸಿ. ಅಡುಗೆ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಬೇಡ.

ಎಲ್ಲ ಸ್ಟ್ರೈಕರ್ ಪಿಸ್ತೂಲಿಗೂ ಒಂದೇ ನಿಯಮ: ಸ್ಟ್ರೈಕರ್ ಓಡುವ ಕೊಳವೆ ಒಣಗಿರಬೇಕು. ಅಲ್ಲಿ ಎಣ್ಣೆ ಬಿಟ್ಟರೆ ಧೂಳು, ಹಿತ್ತಾಳೆ ಪುಡಿ ಸೇರಿ ಕೆಸರಾಗುತ್ತದೆ, ಏಟು ಸೋಲುತ್ತದೆ.

ಕುವೆಂಪುನಗರ_ಶೂಟರ್
ಬಿಚ್ಚೋ ಮಾತು ಬಂದಿದ್ದರಿಂದ: ಗ್ಲಾಕ್ ಬಿಚ್ಚೋಕೆ ಟ್ರಿಗರ್ ಎಳೀಲೇಬೇಕು. ಪಿ320ಗೆ ಬೇಡ. ಎಂ ಅಂಡ್ ಪಿಯಲ್ಲಿ ಸಿಯರ್ ಇಳಿಸೋ ಸಣ್ಣ ಲಿವರ್ ಒಳಗೆ ಇದೆ, ಅದನ್ನು ಬಳಸಿ. ಗ್ಲಾಕ್ ಬಿಚ್ಚುವಾಗ ಮದ್ದುಗುಂಡು ಅದೇ ಮೇಜಿನ ಮೇಲೆ ಇರಬಾರದು.

ಮಂಡ್ಯ_ಕಬ್ಬು
ಕೊನೇದು ಒಂದು. ಗ್ಲಾಕಿಗೆ ಎಣ್ಣೆ ಬೇಡ್ವೇ ಬೇಡ್ವಾ ಹಾಗಾದ್ರೆ?

ಆರ್ಮರರ್_ನಿವೃತ್ತ
ಬೇಕು. ಬಾರಿನ ಹಿಂತುದಿ ಕನೆಕ್ಟರಿಗೆ ತಾಗುವ ಜಾಗ, ಫ್ರೇಮಿನ ಬಲಗಡೆ ಹಿಂದಿನ ಮೂಲೆ. ಅಲ್ಲಿ ಒಂದು ಹನಿ. ಕಂಪನಿಯ ಕೈಪಿಡಿಯೇ ಹೇಳುತ್ತದೆ, ಆ ಹನಿ ಇಲ್ಲದಿದ್ದರೆ ಎಳೆತ ಭಾರವಾಗುತ್ತದೆ, ಭಾಗಗಳೂ ಕೆಡುತ್ತವೆ ಎಂದು. 'ಹೊಸ ಗ್ಲಾಕ್ ಒರಟು' ಎಂದು ಕನೆಕ್ಟರ್ ಬದಲಾಯಿಸಲು ಹೊರಡುವವರು ಮೊದಲು ಆ ಮೂಲೆ ಒಣಗಿದೆಯಾ ನೋಡಲಿ. ಎರಡು ಹನಿ ಬೇಡ, ಹೆಚ್ಚಾದದ್ದು ಹರಿದು ಬೇರೆ ಕಡೆ ಧೂಳು ಹಿಡಿಯುತ್ತದೆ.